ಸುಸ್ತಿನ ಹಿಂದೆ ಏನಿದೆ ಅಂತ ನೋಡಿದ ಡಾ. ಅಡಿಸನ್

ಡಿಸೆಂಬರ್ ಬಂತೆಂದರೆ ಕೊಡಗಿನಲ್ಲಿ ಕಾಫಿ ಕೊಯ್ಲು. ದಿನವಿಡೀ ತೋಟದಲ್ಲಿ ನಿಂತು ಹಣ್ಣು ಬಿಡಿಸುವ ಹೆಂಗಸು ಸುಸ್ತು ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೈ ಕಪ್ಪಾದರೆ ಬಿಸಿಲು, ತೂಕ ಇಳಿದರೆ ದುಡಿತ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ರಕ್ತ ಕಡಿಮೆ. ಲೈನ್‌ಮನೆಯಾಗಲಿ, ಐನ್‌ಮನೆಯಾಗಲಿ, ಉತ್ತರ ಮೊದಲೇ ಸಿದ್ಧ. ಬಹುಪಾಲು ಸಲ ಆ ಉತ್ತರ ಸರಿಯೂ ಇರುತ್ತೆ. ಆದರೆ ಈ ನಾಲ್ಕೂ ಒಬ್ಬರಲ್ಲೇ ಸೇರಿದರೆ ಅದು ಬೇರೆಯದೇ ಕಾಯಿಲೆ ಇರಬಹುದು ಅಂತ ಮೊದಲು ಕಂಡವರು ಥಾಮಸ್ ಅಡಿಸನ್.

ಅವರು ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರದ ಹಳ್ಳಿಯೊಂದರಲ್ಲಿ, ದಿನಸಿ ವ್ಯಾಪಾರಿಯ ಮಗನಾಗಿ, 1790ರ ದಶಕದಲ್ಲಿ ಹುಟ್ಟಿದರು. 1815ರಲ್ಲಿ ಎಡಿನ್‌ಬರೋದಿಂದ ಎಂ.ಡಿ. ಆಯಿತು. ಆಮೇಲೆ ಲಂಡನ್ನಿಗೆ ಬಂದು, ಡಾಕ್ಟರಾಗಿದ್ದರೂ ಗೈಸ್ ಆಸ್ಪತ್ರೆಯಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಸೇರಿಕೊಂಡರು. ಉಳಿದ ಬದುಕೆಲ್ಲ ಅಲ್ಲೇ. ಸಹೋದ್ಯೋಗಿ ರಿಚರ್ಡ್ ಬ್ರೈಟ್‌ಗೆ ಹೊರಗೆ ದೊಡ್ಡ ಪ್ರಾಕ್ಟೀಸು, ದೊಡ್ಡ ಹೆಸರು. ಅಡಿಸನ್‌ಗೆ ಅದರ ಗೊಡವೆ ಇರಲಿಲ್ಲ. ವಾರ್ಡಿನಲ್ಲಿ ರೋಗಿಯನ್ನು ಗಂಟೆಗಟ್ಟಲೆ ಪರೀಕ್ಷಿಸುವುದು, ರೋಗಿ ತೀರಿಕೊಂಡರೆ ಶವಪರೀಕ್ಷೆಯಲ್ಲಿ ತಾವು ಅಂದುಕೊಂಡದ್ದು ನಿಜವಾ ಅಂತ ನೋಡುವುದು, ಇದೇ ಅವರ ಕೆಲಸ. ವಿದ್ಯಾರ್ಥಿಗಳಿಗೆ ಅವರೆಂದರೆ ಹೆದರಿಕೆ, ಜಂಬದ ಮನುಷ್ಯ ಅನ್ನಿಸುತ್ತಿತ್ತು. ಹತ್ತಿರದವರಿಗೆ ಮಾತ್ರ ಗೊತ್ತಿತ್ತು, ಅದು ಸಂಕೋಚ.

ಕಾರಣ ಸಿಗದ ರಕ್ತಹೀನತೆಯ ಬೆನ್ನು ಹತ್ತಿದ್ದ ಅವರಿಗೆ ಕೆಲವು ಶವಗಳಲ್ಲಿ ಕಂಡದ್ದು ಹಾಳಾದ ಅಡ್ರಿನಲ್ ಗ್ರಂಥಿ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತಿರುವ, ಕೆಲವೇ ಗ್ರಾಂ ತೂಗುವ ಈ ಗ್ರಂಥಿ ಏನು ಮಾಡುತ್ತೆ ಅಂತ ಆಗ ಜಗತ್ತಿನಲ್ಲಿ ಯಾರಿಗೂ ತಿಳಿದಿರಲಿಲ್ಲ. 1855ರಲ್ಲಿ 11 ರೋಗಿಗಳ ವಿವರ ಮತ್ತು ಬಣ್ಣದ ಚಿತ್ರಗಳ ಜೊತೆ ಅಡಿಸನ್ ಪುಸ್ತಕ ತಂದರು. ಅವರಲ್ಲಿ ಸುಮಾರು ಅರ್ಧದಷ್ಟು ಜನರ ಗ್ರಂಥಿಯನ್ನು ಕ್ಷಯ ತಿಂದುಹಾಕಿತ್ತು.

ಅದೇ ಲಂಡನ್ನಿಗೆ 1852ರಲ್ಲಿ ನಮ್ಮವರಿಬ್ಬರು ಹೋಗಿದ್ದರು: ರಾಜ್ಯ ಕಳೆದುಕೊಂಡ ಚಿಕ್ಕವೀರರಾಜೇಂದ್ರ ಮತ್ತು ಮಗಳು ಗೌರಮ್ಮ. ಅಪ್ಪ 1859ರಲ್ಲಿ ತೀರಿಕೊಂಡ. ವಿಕ್ಟೋರಿಯಾ ರಾಣಿಯೇ ಸಾಕುತಾಯಿಯಂತೆ ನಿಂತಿದ್ದ ಗೌರಮ್ಮನನ್ನು 1864ರಲ್ಲಿ ಕ್ಷಯ ಬಲಿ ತೆಗೆದುಕೊಂಡಿತು. ಅರಮನೆಗೂ ಆಸ್ಪತ್ರೆಯ ಬಡವರ ವಾರ್ಡಿಗೂ ಆಗ ಒಂದೇ ಕಾಯಿಲೆ. ಇವತ್ತೂ ನಮ್ಮ ದೇಶದಲ್ಲಿ ಅಡ್ರಿನಲ್ ಹಾಳಾಗುವುದಕ್ಕೆ ಕ್ಷಯ ಒಂದು ಮುಖ್ಯ ಕಾರಣ. ಬೇರೆ ಕಡೆ ಹೆಚ್ಚಾಗಿ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಗ್ರಂಥಿಯನ್ನು ನಾಶ ಮಾಡುತ್ತೆ.

ಆಗ ಮೈಯೊಳಗೆ ಆಗುವುದೇನು? ಕಾರ್ಟಿಸಾಲ್ ಇಲ್ಲದೆ ಸಕ್ಕರೆ, ರಕ್ತದೊತ್ತಡ ಎರಡೂ ಕುಸಿಯುತ್ತವೆ, ಊಟ ಸೇರುವುದಿಲ್ಲ. ಆಲ್ಡೋಸ್ಟಿರಾನ್ ಇಲ್ಲದೆ ಉಪ್ಪು ಮೂತ್ರದಲ್ಲಿ ಸೋರಿಹೋಗುತ್ತೆ, ಹಾಗಾಗಿ ಉಪ್ಪಿನಕಾಯಿ, ಉಪ್ಪು ಬೇಕು ಬೇಕು ಅನ್ನಿಸುತ್ತೆ. ಸೋತ ಗ್ರಂಥಿಯನ್ನು ಎಬ್ಬಿಸಲು ಮೆದುಳಿನ ಬುಡದ ಪಿಟ್ಯುಟರಿ ಸುರಿಸುವ ಹಾರ್ಮೋನು ಚರ್ಮವನ್ನು ಕಪ್ಪಾಗಿಸುತ್ತೆ. ಬಿಸಿಲಿಗೆ ಕಪ್ಪಾಗುವುದು ಬೇರೆ. ಇದು ಅಂಗೈ ಗೆರೆ, ಒಸಡು, ಹಳೆಯ ಗಾಯದ ಕಲೆ, ಹೀಗೆ ಬಿಸಿಲು ತಾಗದ ಕಡೆಯೂ ಕಾಣಿಸುತ್ತೆ. ಡಾಕ್ಟರು ಅಂಗೈ ನೋಡುವುದಕ್ಕೆ ಅರ್ಧ ನಿಮಿಷವೂ ಬೇಡ.

ಥೈರಾಯ್ಡ್ ಕಥೆ ಇದರ ಪಕ್ಕದಲ್ಲೇ ನಡೆಯಿತು. ಅದೇ ಗೈಸ್ ಆಸ್ಪತ್ರೆಯ ವಿಲಿಯಂ ಗಲ್ 1873ರಲ್ಲಿ, ಮುಖ ಊದಿ ಮಂದವಾಗುವ ಹೆಂಗಸರ ಕಾಯಿಲೆಯನ್ನು ವಿವರಿಸಿದರು. ಅಡಿಸನ್ ಹುಟ್ಟೂರಿನ ಪಕ್ಕದ ನ್ಯೂಕ್ಯಾಸಲ್‌ನಲ್ಲೇ 1891ರಲ್ಲಿ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಸಾರ ಕೊಟ್ಟು ಅಂಥ ಒಬ್ಬರನ್ನು ಬದುಕಿಸಿದರು. ಆಕೆ ಮತ್ತೆ 28 ವರ್ಷ ಬಾಳಿದರು. ಮಳೆ ಮಣ್ಣಿನ ಅಯೋಡಿನ್ ಕೊಚ್ಚಿಕೊಂಡು ಹೋಗುವ ನಮ್ಮ ಮಲೆಸೀಮೆಗೆ ಗಳಗಂಡ ಹೊಸದಲ್ಲ. ಹಾಗಾಗಿ ಸುಸ್ತು ಅಂದ ಕೂಡಲೇ ಥೈರಾಯ್ಡ್ ಟೆಸ್ಟು ನಮ್ಮಲ್ಲಿ ಅಭ್ಯಾಸವಾಗಿದೆ. ಒಳ್ಳೆಯದೇ. ಆದರೆ ಎರಡೂ ಗ್ರಂಥಿ ಒಬ್ಬರಲ್ಲೇ ಕೆಡುವುದುಂಟು, ಅಡ್ರಿನಲ್ ಸೋತಾಗಲೂ ಟಿಎಸ್‌ಎಚ್ ಸ್ವಲ್ಪ ಏರುವುದುಂಟು. ಅಂಥವರಿಗೆ ಬರೀ ಥೈರಾಕ್ಸಿನ್ ಮಾತ್ರೆ ಶುರು ಮಾಡಿದರೆ ಉಳಿದಿದ್ದ ಅಷ್ಟಿಷ್ಟು ಕಾರ್ಟಿಸಾಲೂ ಬೇಗ ಖಾಲಿಯಾಗಿ ಜೀವಕ್ಕೇ ಕುತ್ತು ಬರಬಹುದು. ತೂಕ ಇಳಿಯುತ್ತಾ, ಬಿಪಿ ಬೀಳುತ್ತಾ, ಮೈ ಕಪ್ಪಾಗುತ್ತಿದ್ದರೆ ಮೊದಲು ಬೆಳಗಿನ ಕಾರ್ಟಿಸಾಲ್ ಪರೀಕ್ಷೆ ಆಗಬೇಕು.

ಅಡಿಸನ್ ಮಾತನ್ನು ಆಗ ಎಲ್ಲರೂ ಒಪ್ಪಲಿಲ್ಲ. ಅವರು ಓದಿದ ಎಡಿನ್‌ಬರೋದಿಂದಲೇ ಅನುಮಾನ ಬಂತು. ಕಾಯಿಲೆಗೆ ಅವರ ಹೆಸರಿಟ್ಟವರು ಪ್ಯಾರಿಸ್ಸಿನ ಟ್ರೂಸೋ. ಪರರ ಸುಸ್ತಿನ ಹಿಂದೆ ಏನಿದೆ ಅಂತ ಹುಡುಕಿದ ಮನುಷ್ಯನ ಗಾಂಭೀರ್ಯದ ಹಿಂದೆ ಹಳೆಯ ಖಿನ್ನತೆ ಇತ್ತು. ಅದು ಬಿಗಡಾಯಿಸಿ 1860ರಲ್ಲಿ ಕೆಲಸ ಬಿಟ್ಟರು. ಅದೇ ವರ್ಷ ಜೂನ್ 29ರಂದು ಬ್ರೈಟನ್‌ನಲ್ಲಿ ತಾವೇ ಜೀವ ಕಳೆದುಕೊಂಡರು. ಮಕ್ಕಳಿರಲಿಲ್ಲ. ಲ್ಯಾನರ್‌ಕಾಸ್ಟ್‌ನಲ್ಲಿ ಮಣ್ಣು ಮಾಡಿದರು.

ಅಡ್ರಿನಲ್ ಕಾಯಿಲೆಗೆ ಸರಿಯಾದ ಮದ್ದು ಸಿಗಲು ಕಾರ್ಟಿಸೋನ್ ಬರಬೇಕಾಯಿತು. ಅದರ ಕೆಲಸಕ್ಕೆ ಕೆಂಡಾಲ್, ಹೆಂಚ್, ರೈಕ್‌ಸ್ಟೈನ್ ಮೂವರಿಗೂ 1950ರಲ್ಲಿ ನೊಬೆಲ್ ಸಿಕ್ಕಿತು. ಈಗ ಗೋಣಿಕೊಪ್ಪದ ಮೆಡಿಕಲ್ ಶಾಪ್‌ನಲ್ಲೂ ಸ್ಟಿರಾಯ್ಡ್ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತೆ. ಅದರದ್ದೇ ಇನ್ನೊಂದು ತೊಂದರೆ. ಉಬ್ಬಸಕ್ಕೋ ಗಂಟುನೋವಿಗೋ ತಿಂಗಳುಗಟ್ಟಲೆ ಅದನ್ನು ನುಂಗಿದವರ ಅಡ್ರಿನಲ್ ನಿದ್ದೆ ಹೋಗಿರುತ್ತೆ. ಹುಷಾರಾದೆ ಅಂತ ಒಂದೇ ದಿನಕ್ಕೆ ಮಾತ್ರೆ ಬಿಟ್ಟರೆ ಅಡಿಸನ್ ಬರೆದಿಟ್ಟ ಅದೇ ಸುಸ್ತು, ವಾಂತಿ, ಕುಸಿಯುವ ಬಿಪಿ. ಮೈ ಮಾತ್ರ ಕಪ್ಪಾಗುವುದಿಲ್ಲ, ಹಾಗಾಗಿ ಅಂಗೈ ನೋಡಿದರೂ ಗೊತ್ತಾಗುವುದಿಲ್ಲ. ಯಾವ ಮಾತ್ರೆ, ಎಷ್ಟು ದಿನ ತಗೊಂಡಿರಿ ಅಂತ ಕೇಳಿಯೇ ತಿಳಿಯಬೇಕು.