ಜೇಮ್ಸ್ ಸಮ್ನರ್

ಉಂಡ ಅನ್ನ ಅರಗುವುದೂ ರುಬ್ಬಿದ ಹಿಟ್ಟು ಹುದುಗುವುದೂ ಕಿಣ್ವಗಳ ಕಾರ್ಯ. ಆದರೆ ಕಿಣ್ವವೆಂದರೆ ಎಂತಹ ವಸ್ತು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕೆ ಯಾರಲ್ಲಿಯೂ ಖಚಿತವಾದ ಉತ್ತರವಿರಲಿಲ್ಲ. ಆ ಒಗಟನ್ನು ಬಿಡಿಸಿದವರು ಜೇಮ್ಸ್ ಸಮ್ನರ್.

ಸಮ್ನರ್ 1887ರ ನವೆಂಬರ್ 19ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕ್ಯಾಂಟನ್ನಿನಲ್ಲಿ ಜನಿಸಿದರು. 17ನೆಯ ವಯಸ್ಸಿನಲ್ಲಿ ಬೇಟೆಗೆ ಹೋಗಿದ್ದಾಗ ಸಂಗಡಿಗನ ಬಂದೂಕಿನ ಗುಂಡು ಅಕಸ್ಮಾತ್ತಾಗಿ ತಗುಲಿ, ಎಡಗೈಯನ್ನು ಮೊಣಕೈಯ ಕೆಳಗೆ ಕತ್ತರಿಸಬೇಕಾಯಿತು. ಅವರಾದರೋ ಎಡಚರು! ಎಲ್ಲವನ್ನೂ ಬಲಗೈಯಿಂದ ಮಾಡಲು ಹೊಸದಾಗಿ ಕಲಿತರು. ಟೆನಿಸ್ ಆಟದಲ್ಲಿಯೂ ನಿಪುಣರಾದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಆಟೊ ಫೋಲಿನ್ ಎಂಬ ಪ್ರಾಧ್ಯಾಪಕರು, ಒಂದೇ ಕೈಯುಳ್ಳವನಿಗೆ ರಸಾಯನ ವಿಜ್ಞಾನ ಒಗ್ಗದು, ನ್ಯಾಯಶಾಸ್ತ್ರ ಓದುವುದೇ ಲೇಸೆಂದು ಬುದ್ಧಿ ಹೇಳಿದರು. ಸಮ್ನರ್ ಒಪ್ಪಲಿಲ್ಲ. 1914ರಲ್ಲಿ ಅದೇ ಫೋಲಿನ್ನರ ಬಳಿ ಡಾಕ್ಟರೇಟ್ ಪದವಿ ಪಡೆದು ಕಾರ್ನೆಲ್ ವಿಶ್ವವಿದ್ಯಾನಿಲಯವನ್ನು ಸೇರಿದರು.

ಅಲ್ಲಿ ಬೋಧನೆಯ ಹೊರೆ ಹೆಚ್ಚು, ಉಪಕರಣಗಳು ಕಡಿಮೆ. ಆದರೂ 1917ರಲ್ಲಿ ಅವರು, ಅದುವರೆಗೆ ಯಾರೂ ಸಾಧಿಸದಿದ್ದ ಕೆಲಸವೊಂದಕ್ಕೆ ಕೈಹಾಕಿದರು: ಕಿಣ್ವವೊಂದನ್ನು ಶುದ್ಧರೂಪದಲ್ಲಿ ಬೇರ್ಪಡಿಸುವುದು. ಅವರು ಆರಿಸಿಕೊಂಡದ್ದು, ಯೂರಿಯಾವನ್ನು ಅಮೋನಿಯಾ ಹಾಗೂ ಇಂಗಾಲದ ಡೈ ಆಕ್ಸೈಡುಗಳಾಗಿ ಒಡೆಯುವ ಯೂರಿಯೇಸ್. ಜ್ಯಾಕ್ ಬೀನ್ ಎಂಬ ಕಾಳಿನಲ್ಲಿ ಅದು ಹೇರಳವಾಗಿತ್ತು. ಒಂಬತ್ತು ವರ್ಷಗಳು ಕಳೆದವು. ಹಲವರು ಇದನ್ನು ಹುಚ್ಚು ಸಾಹಸವೆಂದೇ ತಿಳಿದರು. 1926ರಲ್ಲಿ ಒಮ್ಮೆ ಕಾಳಿನ ಹಿಟ್ಟನ್ನು ನೀರು ಬೆರೆಸಿದ ಅಸಿಟೋನಿನಲ್ಲಿ ಕಲಕಿ, ಸೋಸಿ, ಇರುಳೆಲ್ಲ ತಂಪಿನಲ್ಲಿಟ್ಟರು. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪುಟ್ಟ ಹರಳುಗಳು ಕಂಡವು. ಅವು ಯೂರಿಯೇಸಿನ ಹರಳುಗಳು, ಪರೀಕ್ಷಿಸಿದರೆ, ಪ್ರೋಟೀನು!

ಕಿಣ್ವಗಳು ಪ್ರೋಟೀನುಗಳಲ್ಲವೆಂದು ಸಾರಿದ್ದವರು ನೊಬೆಲ್ ಪ್ರಶಸ್ತಿ ವಿಜೇತರಾದ ಜರ್ಮನಿಯ ವಿಲ್‌ಸ್ಟೇಟರ್. ಅವರ ಮುಂದೆ ಸಮ್ನರರ ಮಾತನ್ನು ಕೇಳುವವರಾರು? 1930ರಲ್ಲಿ ನಾರ್ಥ್ರಪ್ ಎಂಬುವರು ಪೆಪ್ಸಿನ್ನಿನ ಹರಳುಗಳನ್ನು ಪಡೆದ ಮೇಲೆಯೇ ವಿರೋಧವು ಕ್ರಮೇಣ ಅಡಗಿತು. 1946ರಲ್ಲಿ ಸಮ್ನರರಿಗೆ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಸಂದಿತು. 1955ರ ಆಗಸ್ಟ್ 12ರಂದು ಅವರು ತೀರಿಕೊಂಡರು.

ಅವರ ಹರಳಿನಲ್ಲಿ ಇನ್ನೊಂದು ಗುಟ್ಟು ಅಡಗಿತ್ತು. ಯೂರಿಯೇಸಿನ ಒಡಲಲ್ಲಿ ನಿಕಲ್ ಲೋಹವಿದೆಯೆಂದು 1975ರಲ್ಲಿ ತಿಳಿದುಬಂತು. ಪ್ರೋಟೀನಿನ ಪುಟ್ಟ ಪೊಟರೆಯಲ್ಲಿ ಕುಳಿತ ಆ ಲೋಹವೇ ಯೂರಿಯಾವನ್ನು ಹಿಡಿದು ಒಡೆಯಲು ನೆರವಾಗುತ್ತದೆ. ಈಗ ವಿಜ್ಞಾನಿಗಳು ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಬೆಸೆದು, ಒಳಗೆಲ್ಲ ಸೂಕ್ಷ್ಮರಂಧ್ರಗಳಿರುವ ಹರಳುಗಳನ್ನು ಕಟ್ಟುತ್ತಾರೆ. ಈ ವಿದ್ಯೆಗೆ ಅಡಿಪಾಯ ಹಾಕಿದ ಮೂವರಿಗೆ 2025ರ ನೊಬೆಲ್ ಪ್ರಶಸ್ತಿ ದೊರೆಯಿತು. ಅಂತಹ ರಂಧ್ರಗಳಲ್ಲಿ ಕಿಣ್ವದ ಪೊಟರೆಯನ್ನೇ ಅನುಕರಿಸುವ ಪ್ರಯತ್ನಗಳು ನಡೆದಿವೆ. ಇವುಗಳಲ್ಲಿ ಕೆಲವು, ಕಿಣ್ವಗಳು ಕೆಡುವಷ್ಟು ಬಿಸಿಯನ್ನೂ ತಾಳುತ್ತವೆ. ಆದರೆ ನಿಸರ್ಗದ ಕಿಣ್ವಗಳ ವೇಗ ಸಾಮಾನ್ಯವಾಗಿ ಇವಕ್ಕೆ ಇನ್ನೂ ಒಲಿದಿಲ್ಲ.