ಮಲಕಪೇಟೆಯ ಮೈದಾನವೂ ಮಹಬೂಬ್ ಪಾಷಾನೂ

ಈ ಅರಸನ ಹೆಸರು ನನ್ನ ಕಿವಿಗೆ ಮೊದಲು ಬಿದ್ದುದು ಚರಿತ್ರೆಯ ಪಾಠದಲ್ಲಲ್ಲ; ಹಾವಿನ ದೆಸೆಯಿಂದ. ಸುರಪುರದ ಸೀಮೆಯಲ್ಲಿ ಜೋಳದ ಹೊಲಕ್ಕೆ ಹೋದವರಿಗೆ ಹಾವು ಕಚ್ಚುವುದು ಹೊಸ ಸಂಗತಿಯಲ್ಲ. ಹಾಗೆ ಕಚ್ಚಿದಾಗ ಹಿಂದಿನವರು ಮಹಬೂಬ್ ಪಾಷಾನ ಆಣೆಯಿಟ್ಟು, ವಿಷ ಇಳಿಯಲೆಂದು ಕೂಗುತ್ತಿದ್ದರೆಂದು ನಮ್ಮ ಮುತ್ಯಾ ಹೇಳುತ್ತಿದ್ದ. ಅವನಿಗೆ ಅದನ್ನು ಹೇಳಿದವನು ಅವನ ಮುತ್ಯಾ. ಪಾಷಾನೆಂದರೆ ಯಾವನೋ ಸೂಫಿ ಸಂತನಿರಬೇಕೆಂದು ನಾನು ಬಹಳ ದಿನ ತಿಳಿದಿದ್ದೆ. ಕಾಲೇಜಿಗೆ ಬಂದ ಮೇಲೆ ತಿಳಿಯಿತು, ಅವನು ಹೈದರಾಬಾದಿನ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್. ಹುಲಿಬೇಟೆ, ವಜ್ರ, ಕುದುರೆ ಜೂಜು ಇವು ಅವನ ಪ್ರೀತಿಯ ಸಂಗತಿಗಳು. ಹಾವಿನ ಮಂತ್ರವೂ ಜೂಜಿನ ಕುದುರೆಯೂ ಒಬ್ಬನೇ ಮನುಷ್ಯನ ಹೆಸರಿಗೆ ಹೇಗೆ ಅಂಟಿಕೊಂಡವೆಂಬ ಕುತೂಹಲವೇ ಈ ಲೇಖನಕ್ಕೆ ಕಾರಣ.

ಮಹಬೂಬ್ ಅಲಿ ಹುಟ್ಟಿದ್ದು 1866ರ ಆಗಸ್ಟಿನಲ್ಲಿ. ತಂದೆ ಅಫ್ಜಲುದ್ದೌಲ 1869ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಮಗುವಿಗೆ ಎರಡೂವರೆ ವರ್ಷ. ಕೂಸನ್ನು ಗದ್ದುಗೆಯ ಮೇಲೆ ಕೂರಿಸಿ, ಮೊದಲನೆಯ ಸಾಲಾರ್ ಜಂಗನೂ ಶಂಸುಲ್ ಉಮರಾನೂ ರಾಜ್ಯಭಾರ ನಡೆಸತೊಡಗಿದರು. ನಮ್ಮ ಸುರಪುರ ಆ ರಾಜ್ಯಕ್ಕೆ ಸೇರಿ ಆಗ ಒಂಬತ್ತು ವರ್ಷವಾಗಿತ್ತಷ್ಟೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯವನ್ನು ಅಡಗಿಸಿದ ಇಂಗ್ಲಿಷರು ಸಂಸ್ಥಾನವನ್ನು ಕಿತ್ತುಕೊಂಡು, ದಂಗೆಯ ಕಾಲದ ನೆರವಿಗೆ ಬಹುಮಾನವೆಂಬಂತೆ 1860ರಲ್ಲಿ ನಿಜಾಮನಿಗೆ ಒಪ್ಪಿಸಿದ್ದರು. ಹೀಗೆ ನಮ್ಮ ಹಿರಿಯರು ಕಾಣದ ದೊರೆಯ ಪ್ರಜೆಗಳಾದರು.

1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರಿದ ದರಬಾರಿಗೆ ಹತ್ತು ವರ್ಷದ ಈ ಹುಡುಗನೂ ಹೋಗಿದ್ದ. ಅದೇ ಹೊತ್ತಿನಲ್ಲಿ ರಾಯಚೂರು, ಲಿಂಗಸುಗೂರು, ಗುಲಬರ್ಗಾ ಸೀಮೆಗಳಲ್ಲಿ ಮಳೆಯಿಲ್ಲದೆ ಜನ ಸಾಯುತ್ತಿದ್ದರು. ಹತ್ತು ವರ್ಷದ ಹುಡುಗನನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ಆದರೆ ಎರಡು ಚಿತ್ರಗಳನ್ನೂ ಒಟ್ಟಿಗೆ ನೋಡದೆ ಮುಂದೆ ಹೋಗುವುದು ನನ್ನಂಥ ರೈತನ ಮಗನಿಂದ ಆಗದು.

ಬಾಲಕನಿಗೆ ಉರ್ದು, ಫಾರಸಿ, ಅರಬ್ಬಿಗಳ ಜೊತೆಗೆ ಆಂಗ್ಲ ಶಿಕ್ಷಕನಿಂದ ಇಂಗ್ಲಿಷು ಪಾಠವೂ ಆಯಿತು. ಪುಸ್ತಕಕ್ಕಿಂತ ಬಂದೂಕು, ಲಗಾಮುಗಳು ಅವನ ಕೈಗೆ ಹೆಚ್ಚು ಒಗ್ಗಿದವು. ಗುರಿಕಾರನೆಂದು, ಸವಾರನೆಂದು ಅವನ ಹೆಸರು ಹರಡಿತು. ಕಾವ್ಯದ ಗೀಳೂ ಇತ್ತು. ದಿಲ್ಲಿಯ ಕವಿ ದಾಗ್‌ನನ್ನು ಆಸ್ಥಾನಕ್ಕೆ ಕರೆಸಿಕೊಂಡು ಗುರುವೆಂದು ಮನ್ನಿಸಿದ.

1884ರ ಫೆಬ್ರವರಿ 5ರಂದು ವೈಸರಾಯ್ ರಿಪನ್ ಪ್ರಭು ಹೈದರಾಬಾದಿಗೆ ಬಂದು ಅವನಿಗೆ ಪೂರ್ಣಾಧಿಕಾರವನ್ನು ಒಪ್ಪಿಸಿದ. ಸಾಲಾರ್ ಜಂಗ ಹಿಂದಿನ ವರ್ಷವೇ ಕಾಲರಾ ತಗುಲಿ ಸತ್ತಿದ್ದ. ಎರಡು ವರ್ಷದೊಳಗಾಗಿ ಹೊಸ ನಿಜಾಮ ಮಾಡಿದ ಕೆಲಸಗಳಲ್ಲಿ ಒಂದು ಇಂದಿಗೂ ಉಳಿದಿದೆ. ಹೈದರಾಬಾದಿನ ಕುದುರೆ ಜೂಜು 1868ರಿಂದ ಊರಾಚೆಯ ಮೌಲಾ ಅಲಿಯಲ್ಲಿ ನಡೆಯುತ್ತಿತ್ತು. 1886ರಲ್ಲಿ ಅವನು ಅದನ್ನು ಮಲಕಪೇಟೆಗೆ, ತನ್ನ ಮಹಬೂಬ್ ಮ್ಯಾನ್ಶನ್ ಅರಮನೆಯ ಸಮೀಪಕ್ಕೆ ತರಿಸಿಕೊಂಡ. ದೊರೆ ಆಟದ ಬಳಿಗೆ ಹೋಗುವ ಬದಲು ಆಟವೇ ದೊರೆಯ ಬಳಿಗೆ ಬಂದಿತು! ಆ ಕಾಲದಲ್ಲಿ ನಮ್ಮ ದೇಶದ ಮೈದಾನಗಳಲ್ಲಿ ಓಡುತ್ತಿದ್ದವು ಬಹುಪಾಲು ಹಡಗಿನಲ್ಲಿ ಮುಂಬಯಿಗೆ ಇಳಿದ ಅರಬ್ಬಿ ಕುದುರೆಗಳು, ಇಲ್ಲವೆ ಆಸ್ಟ್ರೇಲಿಯದ ವೇಲರುಗಳು. ಅಮೀರರು ಲಾಯ ಕಟ್ಟಿಸಿ, ಸಾಯಿಸರನ್ನಿಟ್ಟು, ಒಬ್ಬರನ್ನೊಬ್ಬರು ಮೀರಿಸಲು ಹಣ ಸುರಿದರು.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಡರ್ಬಿ ಎಂಬ ಶಬ್ದವನ್ನು ಪತ್ರಿಕೆಯಲ್ಲಿ ಎಲ್ಲರೂ ಕಂಡಿದ್ದೇವೆ. ಅದು ಒಬ್ಬ ಮನುಷ್ಯನ ಹೆಸರೆಂದು ಎಷ್ಟು ಮಂದಿಗೆ ಗೊತ್ತು? ಇಂಗ್ಲೆಂಡಿನ ಎಪ್ಸಮ್ ಬಯಲಿನಲ್ಲಿ 1780ರ ಮೇ 4ರಂದು ಮೂರು ವರ್ಷದ ಎಳೆಯ ಜಾತಿಕುದುರೆಗಳಿಗಾಗಿ ಹೊಸ ಪಂದ್ಯವೊಂದು ನಡೆಯಿತು. ಅದಕ್ಕೆ ಡರ್ಬಿಯ ಹನ್ನೆರಡನೆಯ ಅರ್ಲನ ಹೆಸರೋ ಗೆಳೆಯ ಸರ್ ಚಾರ್ಲ್ಸ್ ಬನ್ಬರಿಯ ಹೆಸರೋ ಎಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರೆಂದು ಪ್ರತೀತಿ. ಹೆಸರು ಡರ್ಬಿಯ ಪಾಲಾಯಿತು, ಗೆಲುವು ಬನ್ಬರಿಯ ಕುದುರೆ ಡಯೊಮೆಡ್‌ನ ಪಾಲಾಯಿತು. ಮೊದಲು ಒಂದು ಮೈಲಿಯಿದ್ದ ಓಟ 1784ರಿಂದ ಒಂದೂವರೆ ಮೈಲಿಯಾಯಿತು. ಎಳೆಯ ಕುದುರೆಯ ವೇಗವನ್ನೂ ದಮ್ಮನ್ನೂ ಒಮ್ಮೆಗೇ ಅಳೆಯುವುದೇ ಇದರ ಮರ್ಮ. ಜಾತಿಕುದುರೆಯ ಬಾಳಿನಲ್ಲಿ ಈ ಅವಕಾಶ ಒಂದೇ ಸಲ. ಮುಂಬಯಿಯಲ್ಲಿ ಇಂಡಿಯನ್ ಡರ್ಬಿ ಮೊದಲಾದುದು 1943ರಲ್ಲಿ; ಆ ವರ್ಷ ಗೆದ್ದದ್ದು ಬರೋಡ ಮಹಾರಾಜರ ಪ್ರಿನ್ಸೆಸ್ ಬ್ಯೂಟಿಫುಲ್. ಮಲಕಪೇಟೆಯ ಡೆಕ್ಕನ್ ಡರ್ಬಿಯೂ ಈ ಮನೆತನದ್ದೇ.

ಪಾಷಾನ ದುಂದುಗಾರಿಕೆಯ ಕಥೆಗಳಿಗೆ ಕೊನೆಯಿಲ್ಲ. ಪುರಾನಿ ಹವೇಲಿಯಲ್ಲಿ ಅವನ ಬಟ್ಟೆಗಳಿಗೆಂದು ಮಾಡಿಸಿದ ಎರಡಂತಸ್ತಿನ ಕಪಾಟಿನ ಸಾಲು ಇಂದಿಗೂ ಇದೆ. ಒಮ್ಮೆ ತೊಟ್ಟುದನ್ನು ಮತ್ತೆ ತೊಡುತ್ತಿರಲಿಲ್ಲವಂತೆ. 1891ರಲ್ಲಿ ಜೇಕಬ್ ಎಂಬ ವ್ಯಾಪಾರಿಯ ವಜ್ರವೊಂದರ ಬೆಲೆಯ ತಕರಾರು ಕಲಕತ್ತೆಯ ಹೈಕೋರ್ಟಿಗೆ ಹೋಯಿತು. ದೊರೆಯೇ ಸಾಕ್ಷ್ಯ ಹೇಳಬೇಕಾಗಿ ಬಂದು ಮುಖಭಂಗವಾಯಿತು. ಕೊನೆಗೆ ವಜ್ರವೇನೋ ಅವನಿಗೇ ದಕ್ಕಿತು, ಮನಸ್ಸಿಗೆ ಮಾತ್ರ ಬೇಡವಾಯಿತು. ಅವನ ಮರಣಾನಂತರ ಮಗ ಉಸ್ಮಾನ್ ಅಲಿಗೆ ಅದು ಹಳೆಯ ಜೋಡಿನ ಮೂತಿಯಲ್ಲಿ ಸಿಕ್ಕಿತೆಂದು ಹೇಳುತ್ತಾರೆ. 1995ರಲ್ಲಿ ಭಾರತ ಸರಕಾರ ನಿಜಾಮರ ಒಡವೆಗಳನ್ನು ಸುಮಾರು 218 ಕೋಟಿ ರೂಪಾಯಿಗೆ ಕೊಂಡಾಗ ಅದೂ ಅವುಗಳಲ್ಲಿತ್ತು.

ಆಡಳಿತಕ್ಕೆ ಬಂದರೆ, 1893ರಲ್ಲಿ ಮಂತ್ರಿಮಂಡಲ, ಶಾಸನ ಸಭೆಗಳ ಏರ್ಪಾಡಾಯಿತು; 1902ರಲ್ಲಿ ಬೀರಾರ ಪ್ರಾಂತವನ್ನು ಕರ್ಜನ್ನನಿಗೆ ಶಾಶ್ವತ ಗುತ್ತಿಗೆಯಾಗಿ ಬಿಟ್ಟುಕೊಡಬೇಕಾಯಿತು. ನಮಗೆ ಹತ್ತಿರದ ವಿಷಯ ಬೇರೆ. ಅವನ ಕಾಲದಲ್ಲಿಯೇ ಫಾರಸಿಯ ಸ್ಥಾನಕ್ಕೆ ಉರ್ದು ಸರಕಾರಿ ಭಾಷೆಯಾಗಿ ಬಂದಿತು. ಜನದ ಬಾಯಲ್ಲಿದ್ದ ಕನ್ನಡಕ್ಕೆ ಕಚೇರಿಯಲ್ಲಿ ಜಾಗವಿರಲಿಲ್ಲ. ನಮ್ಮ ಮನೆಯ ಗಂಟಿನಲ್ಲಿ ಈಗಲೂ ಒಂದು ಹಳೆಯ ಹೊಲದ ಕಾಗದವಿದೆ. ಹೆಬ್ಬೆಟ್ಟು ನಮ್ಮವರದು, ಬರೆಹ ಉರ್ದುವಿನದು. ಅದರಲ್ಲಿ ಏನಿದೆಯೆಂದು ಒತ್ತಿದವನಿಗೆ ತಿಳಿದಿರಲಾರದು. ಪದವಿಯ ಮೆಟ್ಟಿಲು ಹತ್ತಿದ ನನಗೂ ಅದನ್ನು ಓದಲು ಬಾರದು. ಇನ್ನು ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಹೆಸರು ಕೇಳದವರಾರು? ಆ ಮೊದಲಕ್ಷರ ಮಹಬೂಬನದೇ. ಬಟ್ಟೆಯ ಗಿರಣಿ ನಿಂತುಹೋದರೂ ಬಡಾವಣೆಯ ಹೆಸರಾಗಿ ಅದು ಜನರ ನಾಲಿಗೆಯ ಮೇಲೆ ಉಳಿದಿದೆ.

ಅವನನ್ನು ಜನ ಯಾಕೆ ಪ್ರೀತಿಸಿದರೆಂಬುದಕ್ಕೆ ಉತ್ತರ 1908ರ ಸೆಪ್ಟೆಂಬರ್ 28ರಲ್ಲಿದೆ. ಅಂದು ಮೂಸಿ ನದಿ ಉಕ್ಕಿ ಊರನ್ನು ನುಂಗಿತು. ಸುಮಾರು 15,000 ಮಂದಿ ಸತ್ತರು. ಪಾಷಾ ಅರಮನೆಯ ಬಾಗಿಲುಗಳನ್ನು ನಿರಾಶ್ರಿತರಿಗೆ ತೆರೆಸಿದ. ಪುರೋಹಿತರ ಮಾತು ಕೇಳಿ, ಮುಸಲ್ಮಾನ ದೊರೆಯಾದರೂ, ಮೂಸಿಗೆ ಆರತಿ ಎತ್ತಿದನೆಂದು ಹೈದರಾಬಾದಿನವರು ಇಂದಿಗೂ ಹೇಳುತ್ತಾರೆ. ಮರುವರ್ಷ ಪ್ರವಾಹ ತಡೆಯುವ ಯೋಜನೆಗೆ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯಿಂದ ಹುಟ್ಟಿದ ಉಸ್ಮಾನ್ ಸಾಗರವನ್ನು ನೋಡುವ ಭಾಗ್ಯ ಪಾಷಾನಿಗಿರಲಿಲ್ಲ. 1911ರ ಆಗಸ್ಟ್ 29ರಂದು ಫಲಕನುಮಾ ಅರಮನೆಯಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ.

ದೊರೆಯೊಡನೆ ಮಲಕಪೇಟೆಯ ಕಳೆಯೂ ಹೋಯಿತು. ಜೂಜು ಸಿಕಂದರಾಬಾದಿನ ಪರೇಡ್ ಮೈದಾನಕ್ಕೆ ಸರಿಯಿತು. 1961ರಲ್ಲಿ ಹೈದರಾಬಾದ್ ರೇಸ್ ಕ್ಲಬ್ಬು ಸ್ಥಾಪನೆಯಾಗಿ, 1968ರಲ್ಲಿ ಓಟ ಹಳೆಯ ಜಾಗಕ್ಕೇ ಮರಳಿತು. ಇದು ಜೂಜೋ ಜಾಣ್ಮೆಯೋ ಎಂಬ ವಾದಕ್ಕೆ ಸುಪ್ರೀಂ ಕೋರ್ಟು 1996ರಲ್ಲಿ ಜಾಣ್ಮೆಯೆಂದೇ ತೀರ್ಪಿತ್ತಿದೆ. ಇಸ್ಪೀಟಿನ ಕಟ್ಟೆಯಲ್ಲಿ ಹೊಲ ಕಳೆದುಕೊಂಡವರನ್ನು ಕಂಡ ನಮ್ಮೂರವರಿಗೆ ಈ ವಿವೇಚನೆ ಬೇಗ ಒಪ್ಪಿಗೆಯಾಗದು. ಡೆಕ್ಕನ್ ಡರ್ಬಿ ಓಡಿಸುವುದು ಸಾಮಾನ್ಯವಾಗಿ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ರಜೆಯ ದಿನ!

ಹೋದ ವರ್ಷ ಹೈದರಾಬಾದಿಗೆ ಹೋದಾಗ ಮೈದಾನವನ್ನು ಹೊರಗಿನಿಂದ ನೋಡಿದೆ. ಅಲ್ಲಿಂದ ಮಕ್ಕಾ ಮಸೀದಿಗೆ ಹೋಗಿ, ಗೋರಿಗಳ ಸಾಲಿನಲ್ಲಿ ಪಾಷಾನದು ಯಾವುದೆಂದು ಕೇಳಿ ತಿಳಿದುಕೊಂಡೆ. ಊರಿಗೆ ಬಂದು ಮುತ್ಯಾನಿಗೆ ಕುದುರೆ, ವಜ್ರ, ಕಪಾಟುಗಳ ಸಂಗತಿಯನ್ನೆಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿ, ಗೋರಿಯ ಹತ್ತಿರ ಹಾವು ಕಚ್ಚಿದವರು ಯಾರಾದರೂ ಬಂದಿದ್ದರೇ ಎಂದಷ್ಟೆ ವಿಚಾರಿಸಿದ.