ಮಿರ್ಜಾ ಇಸ್ಮಾಯಿಲ್: ಎಲ್ಲಿ ಹೋದರೂ ಎದುರು ಪಾಳಯದವರು

ವರ್ಷಕ್ಕೆ ಎರಡು-ಮೂರು ಸಲ ಸರ್ ಮಿರ್ಜಾ ಇಸ್ಮಾಯಿಲ್ ನಮ್ಮ ಫೋನುಗಳಲ್ಲಿ ಎದ್ದು ಬರುತ್ತಾರೆ. ದಸರಾ ಹೊತ್ತಿಗೆ ಒಮ್ಮೆ, ಯಾರಾದರೂ ಬೃಂದಾವನದ ಹಳೇ ಕಪ್ಪು-ಬಿಳುಪು ಫೋಟೊ ಹಾಕಿದಾಗ ಒಮ್ಮೆ, ಎಲ್ಲಾದರೂ ಕೋಮು ಗಲಾಟೆಯಾದಾಗ ಮತ್ತೊಮ್ಮೆ. ನೋಡಿ, ಒಬ್ಬ ಮುಸ್ಲಿಂ ದಿವಾನರು ಮೈಸೂರನ್ನು ಹೇಗೆ ಕಟ್ಟಿದರು ಅಂತ ಒಂದು ಕಡೆಯವರು ಹಾಕುತ್ತಾರೆ. ಕಟ್ಟಿದ್ದು ಮಹಾರಾಜರು, ಇವರದ್ದೇನಿದೆ ಅಂತ ಇನ್ನೊಂದು ಕಡೆಯವರು ಕೆಳಗೆ ಬರೆಯುತ್ತಾರೆ. ಐನೂರು ಕಮೆಂಟು ದಾಟಿದರೂ ಜಗಳ ಆ ಮನುಷ್ಯನ ಬಗ್ಗೆ ಇರುವುದಿಲ್ಲ. ಅವರ ಹೆಸರಿನ ಹಿಂದೆ ಅಂಟಿಸಿದ ಒಂದು ಪದದ ಬಗ್ಗೆ ಇರುತ್ತದೆ.

ಇದು ಸೋಷಿಯಲ್ ಮೀಡಿಯಾ ಕಂಡುಹಿಡಿದ ಕಾಯಿಲೆಯೇನಲ್ಲ. ಬದುಕಿದ್ದಾಗಲೂ ಅವರಿಗೆ ಆದದ್ದು ಇದೇ.

ಕತೆ ಇರಾನಿನ ಶಿರಾಜ್‌ನಿಂದ ಶುರುವಾಗುತ್ತದೆ. 1820ರ ದಶಕದಲ್ಲಿ ಅಲಿ ಅಸ್ಕರ್ ಎಂಬ ಹುಡುಗ ಅಲ್ಲಿಂದ ಕುದುರೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದ. ದಂಡು ಪ್ರದೇಶ ಆಗಷ್ಟೇ ಬೆಳೆಯುತ್ತಿತ್ತು. ಸೈನ್ಯಕ್ಕೂ ಅರಮನೆಗೂ ಒಳ್ಳೆಯ ಕುದುರೆಗಳು ಬೇಕಿದ್ದವು. ವ್ಯಾಪಾರ ಕುದುರಿತು, ಹುಡುಗ ಇಲ್ಲೇ ನಿಂತ, ಆಸ್ತಿ ಮಾಡಿದ, ಬಂಗಲೆಗಳನ್ನು ಕಟ್ಟಿಸಿದ. ಕನ್ನಿಂಗ್‌ಹ್ಯಾಮ್ ರಸ್ತೆಯ ಬಳಿ ಇರುವ ಅಲಿ ಅಸ್ಕರ್ ರಸ್ತೆ ಅವನದೇ ಹೆಸರಿನದು. ಅವನ ಮೊಮ್ಮಗ ಮಿರ್ಜಾ ಹುಟ್ಟಿದ್ದು 1883ರಲ್ಲಿ, ಬೆಂಗಳೂರಿನಲ್ಲಿ. ಮನೆತನ ಪರ್ಷಿಯಾ ಮೂಲದ ಶಿಯಾ ಮುಸ್ಲಿಮರದ್ದು. ಅಂದರೆ ಇಡೀ ಸಂಸ್ಥಾನದಲ್ಲಿ ಮುಸ್ಲಿಮರೇ ಅಲ್ಪಸಂಖ್ಯಾತರು, ಆ ಮುಸ್ಲಿಮರೊಳಗೆ ಇವರು ಮತ್ತೂ ಅಲ್ಪಸಂಖ್ಯಾತರು.

ಅದೃಷ್ಟ ಇನ್ನೊಂದು ದಿಕ್ಕಿನಿಂದ ಬಂತು. ಎಳೆಯ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಒಬ್ಬರೇ ಕೂತು ಓದಬಾರದೆಂದು ಅರಮನೆಯವರು ಕೆಲವು ಹುಡುಗರನ್ನು ಆರಿಸಿ ಜೊತೆಗೆ ಕೂರಿಸಿದರು. ಪಾಠ ಹೇಳುತ್ತಿದ್ದವರು ಸ್ಟುವರ್ಟ್ ಫ್ರೇಸರ್ ಎಂಬ ಬ್ರಿಟಿಷ್ ಅಧಿಕಾರಿ. ಆ ಹುಡುಗರಲ್ಲಿ ಮಿರ್ಜಾ ಒಬ್ಬರು. ವಯಸ್ಸಿನಲ್ಲಿ ಇಬ್ಬರಿಗೂ ಒಂದು ವರ್ಷವೂ ಅಂತರವಿಲ್ಲ. ಇಬ್ಬರಿಗೂ ಕುದುರೆಯ ಹುಚ್ಚು. ಒಬ್ಬರು ಕಟ್ಟುನಿಟ್ಟಿನ ಪೂಜೆ-ಪುನಸ್ಕಾರಗಳ ಅರಮನೆಯ ದೊರೆ, ಇನ್ನೊಬ್ಬರು ಕುದುರೆ ವ್ಯಾಪಾರಿಯ ಮೊಮ್ಮಗ. ಆ ಸ್ನೇಹ 1940ರಲ್ಲಿ ನಾಲ್ವಡಿಯವರು ತೀರಿಕೊಳ್ಳುವವರೆಗೂ ನಡೆಯಿತು.

ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಮುಗಿಸಿದ ಮಿರ್ಜಾ 1905ರಲ್ಲಿ ಪೊಲೀಸ್ ಇಲಾಖೆ ಸೇರಿದರು. ಕೆಲವೇ ವರ್ಷಗಳಲ್ಲಿ ಅರಮನೆಯ ಕಚೇರಿಗೆ ಬಂದು, ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಆಗಿನ ಮೈಸೂರಿನ ಹಣೆಪಟ್ಟಿಗಳ ಕತೆ ಗೊತ್ತಿಲ್ಲದೆ ಮುಂದಿನದು ಅರ್ಥ ಆಗಲ್ಲ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರ ಪ್ರಾಬಲ್ಯ ಎದ್ದು ಕಾಣುತ್ತಿತ್ತು. ಉಳಿದ ಸಮುದಾಯಗಳ ನಾಯಕರು ಪ್ರಶ್ನೆ ಎತ್ತಿದರು. 1918ರಲ್ಲಿ ನಾಲ್ವಡಿಯವರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ, ಅರ್ಹತೆಯೊಂದೇ ಅಳತೆಗೋಲಾಗಬೇಕು ಎಂಬುದು ಅವರ ನಿಲುವು. ಅವರು ಹುದ್ದೆ ಬಿಟ್ಟರು. ನೌಕರಿಯಲ್ಲಿ ಸಾಕಷ್ಟು ಪಾಲು ಸಿಗದ ಬ್ರಾಹ್ಮಣೇತರ ಸಮುದಾಯಗಳೆಲ್ಲ ಹಿಂದುಳಿದವು ಎಂದು ಮಿಲ್ಲರ್ ಸಮಿತಿ ಗುರುತಿಸಿತು. ಮುಸ್ಲಿಮರೂ ಆ ಪಟ್ಟಿಯೊಳಗೆ ಬಂದರು. ಹಾಗೆ ನೋಡಿದರೆ ಮಹಾರಾಜರ ಪಕ್ಕದಲ್ಲಿ ಕುದುರೆ ಓಡಿಸುತ್ತಿದ್ದ, ಆಸ್ತಿವಂತ ಮನೆಯ ಮಿರ್ಜಾ ಕೂಡ ಕಾಗದದ ಮೇಲೆ ಹಿಂದುಳಿದವರ ಸಾಲಿನವರೇ.

ಇದನ್ನು ಹಿಡಿದುಕೊಂಡು ಇಂಥ ಪಟ್ಟಿಗಳೇ ಮೋಸ ಅಂತ ಹೇಳುವವರು ಇವತ್ತೂ ಇದ್ದಾರೆ. ನಾನು ಒಪ್ಪುವುದಿಲ್ಲ. ಯಾರಿಗೆ ಪಾಲು ಸಿಕ್ಕಿಲ್ಲ ಎಂದು ಎಣಿಸಬೇಕಾದರೆ ಜನರನ್ನು ಹೆಸರಿಟ್ಟು ಗುರುತಿಸಲೇಬೇಕು. ಎಣಿಸುವುದೇ ಬೇಡ, ನಾವೆಲ್ಲ ಬರೀ ಮನುಷ್ಯರು ಅನ್ನೋ ಮಾತು ಮೊದಲೇ ಕುರ್ಚಿ ಸಿಕ್ಕವರ ಬಾಯಲ್ಲೇ ಜಾಸ್ತಿ ಕೇಳಿಸುತ್ತದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಈ ಮಾತನ್ನು ಯಾರು ಆಡುತ್ತಿದ್ದರು, ಯಾರು ಸುಮ್ಮನೆ ಕೂರುತ್ತಿದ್ದರು ಅಂತ ನೋಡಿದ್ದೇನೆ. ಒಂದು ಸಮುದಾಯದ ಪಾಲನ್ನು ಅಳೆಯಲು ಮಾಡಿದ ಗುರುತನ್ನು ಒಬ್ಬ ವ್ಯಕ್ತಿಯ ಮನಸ್ಸನ್ನು ಅಳೆಯಲು ಬಳಸುವುದು ಮಾತ್ರ ಬೇರೆಯೇ ವಿಷಯ. ಮಿರ್ಜಾ ಅವರ ಮೇಲೆ ಆದದ್ದು ಈ ಎರಡನೆಯದು.

ದಿವಾನರಾಗಿ ಎರಡೇ ವರ್ಷ, 1928. ಬೆಂಗಳೂರಿನ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿ ಒಂದು ಗಣಪತಿ ವಿಗ್ರಹವಿತ್ತು. ಅದನ್ನು ಎಲ್ಲಿಡಬೇಕು, ಪೂಜೆ ಹೇಗೆ ಎಂಬ ತಕರಾರು ಶಾಲೆಯ ಗೋಡೆ ದಾಟಿ ಬೀದಿಗೆ ಬಂತು. ವಿದ್ಯಾರ್ಥಿಗಳು ಮೆರವಣಿಗೆ ಹೊರಟರು, ಬಂಧನಗಳಾದವು, ಕೊನೆಗೆ ಹಿಂದೂ-ಮುಸ್ಲಿಂ ಗಲಭೆಯಾಯಿತು. ಆಡಳಿತದ ತಪ್ಪುಗಳೇನು ಎಂದು ಕೇಳಬೇಕಾದ ಜಾಗದಲ್ಲಿ ದಿವಾನರ ಧರ್ಮ ಯಾವುದು ಎಂಬುದೇ ಉತ್ತರವಾಗಿ ಓಡಾಡಿತು. ಸರ್ಕಾರ ಒಂದು ವಿಚಾರಣಾ ಸಮಿತಿ ನೇಮಿಸಿತು, ಅದರ ಅಧ್ಯಕ್ಷರು ಅದೇ ವಿಶ್ವೇಶ್ವರಯ್ಯನವರು. ಅಭಿಮಾನಿಗಳು ಇವತ್ತು ಈ ಇಬ್ಬರು ದಿವಾನರನ್ನು ಎರಡು ತಂಡಗಳ ಕ್ಯಾಪ್ಟನ್‌ಗಳ ಹಾಗೆ ಎದುರುಬದುರು ನಿಲ್ಲಿಸುತ್ತಾರೆ. ಆದರೆ ಒಬ್ಬರ ಸರ್ಕಾರ ಸಿಕ್ಕಿಬಿದ್ದ ಗಲಭೆಯ ಸತ್ಯ ಹುಡುಕಲು ಕರೆದದ್ದು ಇನ್ನೊಬ್ಬರನ್ನು.

ಕಟ್ಟಿದ್ದೇನು ಎಂಬ ಪಟ್ಟಿ ನಿಮಗೆ ಗೊತ್ತೇ ಇದೆ, ಬೇಗ ಮುಗಿಸುತ್ತೇನೆ. ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ, ಅದಕ್ಕೆ ಜೊತೆಯಾದ ಜರ್ಮನ್ ತೋಟಗಾರ ಕ್ರುಂಬಿಗೆಲ್. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, 1936ರಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆ, ಬೆಂಗಳೂರಿನ ಪಿಂಗಾಣಿ ಕಾರ್ಖಾನೆ, ಪುರಭವನ, ಹಳ್ಳಿಗಳಿಗೆ ವಿದ್ಯುತ್. 1940ರ ಕೊನೆಗೆ ವಾಲ್‌ಚಂದ್ ಹೀರಾಚಂದ್ ಜೊತೆ ಸೇರಿ ವಿಮಾನ ಕಾರ್ಖಾನೆ, ಇವತ್ತಿನ ಎಚ್‌ಎಎಲ್. ಊರು ಚೊಕ್ಕಟವಾಗಿರಬೇಕು, ಗಿಡಮರ ಇರಬೇಕು ಎಂಬುದು ಅವರಿಗೆ ಗೀಳಿನಂತೆ ಹತ್ತಿಕೊಂಡಿತ್ತು. ಬೆಳಿಗ್ಗೆ ಎದ್ದು ಬೀದಿಗಳನ್ನು ನೋಡಿಕೊಂಡು ಬರುವ ದಿವಾನರೆಂದರೆ ಮುನಿಸಿಪಾಲಿಟಿಯವರಿಗೆ ದಿಗಿಲು.

ಹೊಗಳಿಕೆಯ ಪೋಸ್ಟುಗಳು ಇಲ್ಲಿಗೆ ನಿಲ್ಲುತ್ತವೆ. ನನಗೆ ಅವು ಇಷ್ಟವಾಗದಿರುವುದು ಇದೇ ಕಾರಣಕ್ಕೆ. ಒಳ್ಳೆಯ ಮುಸ್ಲಿಂ ಅನ್ನೋದೂ ಒಂದು ಹಣೆಪಟ್ಟಿಯೇ. ಅದನ್ನು ಹೊತ್ತ ಮನುಷ್ಯ ತಪ್ಪೇ ಮಾಡುವ ಹಾಗಿಲ್ಲ, ಮಾಡಿದರೆ ಇಡೀ ಸಮುದಾಯದ ಲೆಕ್ಕಕ್ಕೆ ಹೋಗುತ್ತದೆ. ವಿಶ್ವೇಶ್ವರಯ್ಯನವರ ಒಂದು ನಿಲುವನ್ನು ಟೀಕಿಸಿದರೆ ಟೀಕೆ ವಿಶ್ವೇಶ್ವರಯ್ಯನವರ ಮೇಲೆ. ಮಿರ್ಜಾ ಅವರಿಗೆ ಆ ಸವಲತ್ತು ನಾವು ಕೊಟ್ಟಿಲ್ಲ.

ಆದ್ದರಿಂದ ವಿದುರಾಶ್ವತ್ಥಕ್ಕೆ ಹೋಗಲೇಬೇಕು.

ಮಿರ್ಜಾ ಪ್ರಜಾಪ್ರಭುತ್ವವಾದಿಯಾಗಿರಲಿಲ್ಲ. ಒಳ್ಳೆಯ ರಾಜ, ದಕ್ಷ ದಿವಾನ ಇದ್ದರೆ ಜನ ಸುಖವಾಗಿರುತ್ತಾರೆ ಎಂಬ ನಂಬಿಕೆಯವರು. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು ನಿಜ, ಆದರೆ ದಿವಾನರನ್ನು ಕೆಳಗಿಳಿಸುವ ಶಕ್ತಿ ಅದಕ್ಕಿರಲಿಲ್ಲ. ಜವಾಬ್ದಾರಿ ಸರ್ಕಾರ ಕೊಡಿ ಎಂದು ಕೇಳಿದವರನ್ನು ಅವರು ಅನುಮಾನದಿಂದಲೇ ನೋಡಿದರು. ಅವರ ಕಾಲದಲ್ಲಿ ಪತ್ರಿಕೆಗಳು ಸರ್ಕಾರದ ಬಿಸಿ ಅನುಭವಿಸಿದವು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧ ಮುರಿದು ರಾಷ್ಟ್ರಧ್ವಜ ಹಾರಿಸಲು ಹೊರಟರು. ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರ ಬಂಧನವಾಯಿತು. ಕಿಚ್ಚು ಊರೂರಿಗೆ ಹಬ್ಬಿತು. ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10 ಮಂದಿ. ಜನರ ಲೆಕ್ಕದಲ್ಲಿ 30ಕ್ಕೂ ಹೆಚ್ಚು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಇವತ್ತಿಗೂ ಆ ಊರನ್ನು ಕರೆಯುತ್ತಾರೆ.

ಗುಂಡು ಹಾರಿಸಿದ ಕೈ ಬೇರೆ ಇರಬಹುದು, ಆದರೆ ನಿಷೇಧ ಹೇರಿದ್ದು ಅವರ ಸರ್ಕಾರ. ಅದರ ಹೊಣೆ ಅವರದೇ. ಆ ಹೊಣೆಯನ್ನು ಹೊರಿಸುವಾಗ ಅವರ ಧರ್ಮವನ್ನು ಎಳೆದು ತರುವ ಅಗತ್ಯ ಇಲ್ಲ, ಬೃಂದಾವನ ತೋರಿಸಿ ಮಾಫಿ ಮಾಡುವ ಅಗತ್ಯವೂ ಇಲ್ಲ.

ಆಮೇಲೆ ನಡೆದದ್ದೂ ಅವರ ಲೆಕ್ಕಕ್ಕೇ ಸೇರಬೇಕು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ಮಿರ್ಜಾ ಮಾತುಕತೆಗೆ ಕೂತರು. ಒಂದೇ ತಿಂಗಳೊಳಗೆ ಒಪ್ಪಂದವಾಯಿತು: ಮೈಸೂರು ಬಾವುಟದ ಜೊತೆ ರಾಷ್ಟ್ರಧ್ವಜವನ್ನೂ ಹಾರಿಸಬಹುದು, ಕೈದಿಗಳ ಬಿಡುಗಡೆ. ಗೋಲಿಬಾರಿನ ಬಗ್ಗೆ ನ್ಯಾಯಮೂರ್ತಿ ವೇಪ ರಾಮೇಶಂ ಅವರ ವಿಚಾರಣೆಯೂ ನಡೆಯಿತು. ಮಣಿದರು, ಆದರೆ ಅಧಿಕಾರ ಬಿಟ್ಟುಕೊಡಲಿಲ್ಲ. ಮರುವರ್ಷ ಮತ್ತೆ ಸತ್ಯಾಗ್ರಹ ಶುರುವಾಯಿತು.

ಇದೇ ಮನುಷ್ಯ ಗಾಂಧೀಜಿಯವರ ಆಪ್ತರು. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧಿ ಬಂದು ಉಳಿದದ್ದು ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನಲ್ಲಿ, ಮೈಸೂರು ಸಂಸ್ಥಾನದ ಅತಿಥಿಯಾಗಿ. ದುಂಡುಮೇಜಿನ ಪರಿಷತ್ತಿಗೆ ಸಂಸ್ಥಾನಗಳ ಪ್ರತಿನಿಧಿಯಾಗಿ ಹೋದ ಮಿರ್ಜಾ ಅಲ್ಲಿ ಒಂದು ಒಕ್ಕೂಟ ಭಾರತದ ಪರ ಮಾತಾಡಿದರು. ಬ್ರಿಟಿಷರಿಂದ ಸರ್ ಪದವಿ, ಗಾಂಧಿಯ ಸ್ನೇಹ, ಕಾಂಗ್ರೆಸ್ ಕಾರ್ಯಕರ್ತರಿಗೆ ಜೈಲು. ಇದನ್ನೆಲ್ಲ ಯಾವ ಡಬ್ಬಿಗೆ ಹಾಕುತ್ತೀರಿ?

ನಾಲ್ವಡಿಯವರು ಹೋದ ಮೇಲೆ ಹೊಸ ಮಹಾರಾಜರ ಕಾಲ ಬಂತು. 1941ರಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟರು. ಮರುವರ್ಷ ಜೈಪುರದ ಪ್ರಧಾನಿಯಾದರು. ಅಲ್ಲೂ ಅಗಲ ರಸ್ತೆ, ಕಟ್ಟಡ, ಕಾಲೇಜು. 1945ರಲ್ಲಿ ದೇಶದ ಲೇಖಕರ ದೊಡ್ಡ ಸಮ್ಮೇಳನ ಜೈಪುರದಲ್ಲಿ ನಡೆದಾಗ ಇಂಗ್ಲೆಂಡಿನಿಂದ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಕೂಡ ಬಂದಿದ್ದರು.

ನಿಜವಾದ ಪರೀಕ್ಷೆ ಇದ್ದದ್ದು ಹೈದರಾಬಾದಿನಲ್ಲಿ. ನಕ್ಷೆಯನ್ನು ತಿರುಗಿಸಿ ಹಿಡಿದ ಹಾಗೆ: ಮೈಸೂರಿನಲ್ಲಿ ಹಿಂದೂ ರಾಜ, ಹಿಂದೂ ಬಹುಸಂಖ್ಯಾತರು, ಮುಸ್ಲಿಂ ದಿವಾನ. ಇಲ್ಲಿ ಮುಸ್ಲಿಂ ನಿಜಾಮ, ಹಿಂದೂ ಬಹುಸಂಖ್ಯಾತರು, ಆಡಳಿತದ ಆಯಕಟ್ಟಿನ ಜಾಗಗಳಲ್ಲಿ ಮುಸ್ಲಿಂ ಗಣ್ಯರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಸೀಮೆ ಕೂಡ ಆಗ ನಿಜಾಮನ ಕೈಯಲ್ಲೇ ಇತ್ತು. 1946ರ ಆಗಸ್ಟ್‌ನಲ್ಲಿ ಮಿರ್ಜಾ ಅಲ್ಲಿ ಪ್ರಧಾನಿಯಾಗಿ ಕೂತರು. ಹಣೆಪಟ್ಟಿಯ ಲೆಕ್ಕದ ಪ್ರಕಾರ ಇದು ಅವರ ಮನೆಯಂಗಳವಾಗಬೇಕಿತ್ತು. ಆದರೆ ಅವರ ನೇಮಕವನ್ನು ಜಿನ್ನಾ ವಿರೋಧಿಸಿದರು. ಯಾಕಂದ್ರೆ ಮಿರ್ಜಾ ಪಾಕಿಸ್ತಾನದ ಬೇಡಿಕೆಯನ್ನು ಬಹಿರಂಗವಾಗಿ ಒಪ್ಪದವರು, ಧರ್ಮದ ಮೇಲೆ ದೇಶ ಒಡೆಯುವುದು ಮುಸ್ಲಿಮರಿಗೇ ಕೇಡು ಎಂದು ನಂಬಿದವರು. ನಿಜಾಮನ ಊರಿನ ಮಜ್ಲಿಸ್-ಎ-ಇತ್ತೆಹಾದ್‌ಗೆ ಅವರು ಕಾಂಗ್ರೆಸ್ಸಿನ ಮನುಷ್ಯ. ಬೆಂಗಳೂರಿನ ಬೀದಿಯಲ್ಲಿ ಮುಸ್ಲಿಮರ ಪಕ್ಷಪಾತಿ ಎನ್ನಿಸಿಕೊಂಡವರು ಹೈದರಾಬಾದಿನ ಬೀದಿಯಲ್ಲಿ ಹಿಂದೂಗಳ ಪರ ಎನ್ನಿಸಿಕೊಂಡರು. ಶಿವಪುರದಲ್ಲಿ ಕಾಂಗ್ರೆಸ್ಸಿನವರ ಪಾಲಿನ ವೈರಿ, ಅಲ್ಲಿ ಕಾಂಗ್ರೆಸ್ಸಿನ ಏಜೆಂಟ್.

ಭಾರತದೊಂದಿಗೆ ರಾಜಿ ಮಾಡಿಕೊಳ್ಳುವುದೇ ನಿಜಾಮನಿಗೆ ಕ್ಷೇಮ ಎಂಬುದು ಅವರ ನಿಲುವಾಗಿತ್ತು. ನಿಜಾಮ ಕೇಳಲಿಲ್ಲ. 1947ರ ಮೇ ತಿಂಗಳಲ್ಲಿ, ಒಂದು ವರ್ಷವೂ ತುಂಬುವ ಮೊದಲೇ ಅವರು ಹುದ್ದೆ ಬಿಟ್ಟು ಹೊರಬಂದರು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದಿಗೆ ನುಗ್ಗಿತು. ಅದಕ್ಕೆ ಮೊದಲು ರಜಾಕಾರರ ಕೈಯಲ್ಲಿ, ಆಮೇಲೆ ಸೇಡಿನ ಗುಂಪುಗಳ ಕೈಯಲ್ಲಿ ಹಳ್ಳಿಯ ಜನ ಅನುಭವಿಸಿದ್ದನ್ನು ಕಲ್ಯಾಣ ಕರ್ನಾಟಕದ ಹಿರಿಯರು ಇವತ್ತಿಗೂ ಮೆಲುದನಿಯಲ್ಲೇ ಹೇಳುತ್ತಾರೆ. ಹೆಸರು ನೋಡಿ ಮನುಷ್ಯನ ಕಡೆ ಯಾವುದೆಂದು ತೀರ್ಮಾನ ಮಾಡಿದ ದಿನಗಳು ಅವು.

ದೇಶ ಒಡೆದಾಗ ಮಿರ್ಜಾ ಪಾಕಿಸ್ತಾನಕ್ಕೆ ಹೋಗಲಿಲ್ಲ. ಬೆಂಗಳೂರಿಗೆ ವಾಪಸು ಬಂದರು. ಕೆಲಕಾಲ ವಿಶ್ವಸಂಸ್ಥೆಯ ಪರವಾಗಿ ಇಂಡೊನೇಷ್ಯಾದಲ್ಲಿ ಕೆಲಸ ಮಾಡಿದರು. 1954ರಲ್ಲಿ ತಮ್ಮ ಸಾರ್ವಜನಿಕ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದರು. 1959ರ ಜನವರಿ 5ರಂದು, ಹುಟ್ಟಿದ ಊರಿನಲ್ಲೇ ತೀರಿಕೊಂಡರು.

ಜೈಪುರದ ಹಳೇ ಊರಿನ ಗೋಡೆಯ ಹೊರಗೆ ಅವರ ಹೆಸರಿನ ಅಗಲವಾದ ರಸ್ತೆಯೊಂದಿದೆ. ಒಡವೆ ಅಂಗಡಿ, ಲಸ್ಸಿ ಅಂಗಡಿ, ಸದಾ ಜನ. ಪೂರ್ತಿ ಹೆಸರು ಉದ್ದವಾಯಿತೇನೋ, ಅಲ್ಲಿಯವರಿಗೆ ಅದು ಬರೀ ಎಂ.ಐ. ರೋಡ್.